ಹುಳಿ ನೀರಿಗೆ ಸುಣ್ಣ

ನೀರು ಕಡಿಮೆಯಾದರೆ ಗಣಿಯವರಿಗೆಲ್ಲ ಖುಷಿ. ನನಗೆ ಮಾತ್ರ ಹೆದರಿಕೆ. "ಜಾಸ್ತಿ ಆದ್ರೂ ಹೆದರ್ತೀರ, ಕಮ್ಮಿ ಆದ್ರೂ ಹೆದರ್ತೀರ. ನಿಮಗೆ ಎಷ್ಟು ನೀರು ಬೇಕು ಹೇಳಿ ಮೇಡಂ, ಅಷ್ಟೇ ಬಿಡ್ಸೋಣ" ಎಂದು ನಮ್ಮ ಫೀಲ್ಡ್ ಜಿಯಾಲಜಿಸ್ಟ್ ಫೋನಿನಲ್ಲಿ ಚುಡಾಯಿಸುತ್ತಿದ್ದ. ಅವನು ಗಣಿಯ ಬಾಯಿಯ ಹತ್ತಿರ ನಿಂತು ನಗುತ್ತಿದ್ದ. ನಾನು ಸಿಂಗಾಪುರದ ಒನ್-ನಾರ್ತ್‌ನ ಏಸಿ ಆಫೀಸಿನಲ್ಲಿ ಕೂತು ಹೆದರುತ್ತಿದ್ದೆ. ನಡುವೆ ಒಂದು ಸಮುದ್ರವಿತ್ತು, ಆದರೆ ಇಬ್ಬರ ಗಡಿಯಾರವೂ ಒಂದೇ ಹೊತ್ತು ತೋರಿಸುತ್ತಿತ್ತು.

ಗಣಿ ಇರುವುದು ಬೋರ್ನಿಯೋ ದ್ವೀಪದ ಒಂದು ಬೆಟ್ಟದೊಳಗೆ. ಕಲ್ಲಿದ್ದಲಿನ ಪದರದ ಜಾಡು ಹಿಡಿದು ಸುರಂಗಗಳು ಇಳಿಜಾರಾಗಿ ಒಳಗೆ ಹೋಗುತ್ತವೆ. ಒಳಗೆ ಎಷ್ಟು ನೀರು ಜಿನುಗುತ್ತಿದೆ, ಎಂಥ ನೀರು ಜಿನುಗುತ್ತಿದೆ ಎಂದು ಕಾಯುವುದು ನಮ್ಮ ಕೆಲಸ. ನೀರು ಹರಿಯುವ ಕಾಲುವೆಗೆ ಅಡ್ಡಲಾಗಿ, ನಡುವೆ ವಿ ಆಕಾರದ ಕಚ್ಚು ಕೊರೆದ ಒಂದು ಉಕ್ಕಿನ ಹಲಗೆ ನಿಲ್ಲಿಸಿದ್ದೇವೆ. ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಎಂದು ಒಂದು ಸೆನ್ಸರ್ ನೋಡುತ್ತದೆ. ಅದರಿಂದ ಒಳಹರಿವು ಗೊತ್ತಾಗುತ್ತದೆ. ಆ ನೀರೆಲ್ಲ ಹೋಗಿ ಸೇರುವ ಸಂಪಿನಲ್ಲಿ ಇನ್ನೊಂದು ಸೆನ್ಸರ್ ಇದೆ. ನೀರಿನ ಹುಳಿ, ಕರಗಿದ ಲವಣ, ಬಿಸಿ ಇವನ್ನೆಲ್ಲ ಅದು ಅಳೆಯುತ್ತದೆ. ಬೆಟ್ಟದ ನೆತ್ತಿಯಿಂದ ಇಳಿಸಿದ ಬೋರ್‌ವೆಲ್ಲುಗಳಲ್ಲಿ ನೀರಿನ ಮಟ್ಟ ನೋಡುವ ಮೂರನೆಯ ಬಗೆಯ ಸೆನ್ಸರ್‌ಗಳಿವೆ. ಎಲ್ಲದರ ಗೆರೆಗಳೂ ನನ್ನ ಪರದೆಯ ಮೇಲೆ ಓಡುತ್ತಿರುತ್ತವೆ. ಪ್ರತಿಯೊಂದಕ್ಕೂ ಹಸಿರು, ಹಳದಿ, ಕೆಂಪು ಎಂಬ ಮೂರು ದೀಪ. ಹಳದಿ ಹತ್ತಿದರೆ ಆ ಸುರಂಗವನ್ನು ಮುಂದಕ್ಕೆ ಅಗೆಯುವಂತಿಲ್ಲ. ಕೆಂಪು ಹತ್ತಿದರೆ ಮೊದಲು ಜನ ಹೊರಗೆ, ಪ್ರಶ್ನೆ ಆಮೇಲೆ.

ಇಷ್ಟೆಲ್ಲ ಯಾಕೆ ಅಂದರೆ, ಆ ಬೆಟ್ಟವನ್ನು ಹಿಂದಿನವರೂ ತೋಡಿದ್ದಾರೆ. ಅವರು ಬಿಟ್ಟುಹೋದ ಸುರಂಗಗಳ ನಕ್ಷೆ ಇದೆ, ಆದರೆ ಅದನ್ನು ಬರೆದವನೇ ಬಂದು ಆಣೆ ಮಾಡಿದರೂ ನಾನು ನಂಬುವುದಿಲ್ಲ. ಆ ಹಳೆಯ ಪೊಳ್ಳುಗಳಲ್ಲಿ ದಶಕಗಳ ನೀರು ತುಂಬಿ ನಿಂತಿದೆ. ಹೊಸ ಸುರಂಗ ಹೋಗಿ ಅದಕ್ಕೆ ತಾಗಿದರೆ ಕೆರೆಯ ಕಟ್ಟೆ ಒಡೆದ ಹಾಗೆ. ಒಳಗಿದ್ದವರಿಗೆ ಓಡಲು ಹೊತ್ತು ಸಿಗುವುದಿಲ್ಲ.

ಪುಣ್ಯಕ್ಕೆ ಹಳೆಯ ನೀರಿಗೆ ಒಂದು ಗುಣವಿದೆ. ಕಲ್ಲಿದ್ದಲಿನ ಜೊತೆ ಎಷ್ಟೋ ವರ್ಷ ಕೊಳೆತು ಅದು ಹುಳಿಯಾಗಿರುತ್ತದೆ. ಬಂಡೆಯ ಬಿರುಕಿನಿಂದ ಬರುವ ಮಳೆನೀರು ಸಪ್ಪೆ. ಹಾಗಾಗಿ ಸಂಪಿನ ನೀರು ಹುಳಿಯಾಗುತ್ತ ಹೋದರೆ ಹಳೆಯ ನೀರು ಎಲ್ಲಿಂದಲೋ ಸಂದು ಮಾಡಿಕೊಂಡು ಬರುತ್ತಿದೆ ಎಂದು ಅರ್ಥ. ನಮ್ಮ ಕಾವಲಿನ ಜೀವಾಳವೇ ಈ ಹುಳಿ.

ಆ ವರ್ಷದ ಮಳೆಗಾಲದಲ್ಲಿ ಬಲಭಾಗದ ಸುರಂಗದಲ್ಲಿ ಅದು ಶುರುವಾಯಿತು. ಒಳಹರಿವು ನಿಧಾನವಾಗಿ ಏರಿತು. ಪಿಎಚ್ ಗೆರೆ ದಿನದಿನಕ್ಕೆ ಕೆಳಗಿಳಿಯಿತು, ಅಂದರೆ ಹುಳಿ ಹೆಚ್ಚಾಯಿತು. ಹಳದಿ ದೀಪ ಹತ್ತಿತು. ಅಗೆತ ನಿಲ್ಲಿಸಿದರು. ಗಣಿಯ ಮ್ಯಾನೇಜರ್ ದಿನಾ ಬೆಳಿಗ್ಗೆ ನಮ್ಮ ಬಾಸ್‌ಗೆ ಫೋನ್ ಮಾಡಿ, ಯಂತ್ರ ಸುಮ್ಮನೆ ನಿಂತಿದೆ, ಜನ ಸುಮ್ಮನೆ ಕೂತಿದ್ದಾರೆ ಎಂದು ಗೋಳಾಡುತ್ತಿದ್ದರು. ಅವರದೂ ತಪ್ಪಲ್ಲ, ಮೇಲಿನವರು ಅವರ ಕತ್ತಿನ ಮೇಲೆ ಕೂತಿದ್ದರು.

ಆಮೇಲೆ ಒಂದು ಸೋಮವಾರ ಬಂದು ನೋಡಿದರೆ ಗೆರೆ ತಿರುಗಿತ್ತು. ಪಿಎಚ್ ಮೇಲಕ್ಕೇರುತ್ತಿತ್ತು. ಒಳಹರಿವು ಇಳಿಯುತ್ತಿತ್ತು. ವಾರ ಮುಗಿಯುವ ಹೊತ್ತಿಗೆ ಹಳದಿ ಹೋಗಿ ಎಲ್ಲ ದೀಪಗಳೂ ಹಸಿರಾದವು.

ನಮ್ಮ ಬಾಸ್ ಇಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದವರು, ಒಳ್ಳೆಯ ಮನುಷ್ಯ. ನನ್ನ ಮೇಜಿನ ಹತ್ತಿರ ಬಂದು ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಎಲ್ಲಾ ಗ್ರೀನ್ ಲಾ, ಇವತ್ತೇ ಸೈನ್ ಮಾಡಿಬಿಡು, ನಾಳೆ ಅವರು ಅಗೆತ ಶುರು ಮಾಡಲಿ. ಆ ಒಪ್ಪಿಗೆಗೆ ಸಹಿ ಹಾಕಬೇಕಾದವಳು ನಾನು. ಸಂಜೆಯೊಳಗೆ ಮಾಡುತ್ತೇನೆ ಎಂದೆ.

ಮಾಡಲು ಕೈ ಬರಲಿಲ್ಲ. ಹುಳಿ ಕಡಿಮೆಯಾಗಿದೆ, ಸರಿ. ಮಳೆಯ ಸಪ್ಪೆ ನೀರು ಬೆರೆತು ಕಡಿಮೆಯಾಗಿದ್ದರೆ ಲವಣವೂ ಕಡಿಮೆಯಾಗಬೇಕಲ್ಲ? ಮಜ್ಜಿಗೆಗೆ ನೀರು ಹೊಯ್ದರೆ ಹುಳಿಯೂ ಇಳಿಯುತ್ತದೆ, ಉಪ್ಪೂ ಇಳಿಯುತ್ತದೆ. ಇಲ್ಲಿ ಹುಳಿ ಇಳಿದಿತ್ತು, ಉಪ್ಪು ಇದ್ದಲ್ಲೇ ಇತ್ತು. ಇದ್ದಲ್ಲೇ ಅಲ್ಲ, ಒಂದು ಕೂದಲೆಳೆಯಷ್ಟು ಏರಿತ್ತು. ಅದರ ಮೇಲೆ ಬೆಟ್ಟದ ನೆತ್ತಿಯ ಒಂದು ಬೋರ್‌ವೆಲ್ಲಿನಲ್ಲಿ ನೀರಿನ ಮಟ್ಟ ನಿಧಾನವಾಗಿ ಏರುತ್ತಿತ್ತು. ಮಳೆಗಾಲದಲ್ಲಿ ಏರದೆ ಇನ್ನೇನು ಎಂದು ಯಾರಾದರೂ ಹೇಳುತ್ತಾರೆ, ನಾನೂ ನನಗೆ ಹಾಗೇ ಹೇಳಿಕೊಂಡೆ. ಸಮಾಧಾನವಾಗಲಿಲ್ಲ.

ಅವತ್ತು ಬೆಳಿಗ್ಗೆಯೇ ಲ್ಯಾಬ್‌ನಿಂದ ಗೆರೆ ತಿರುಗಿದ ಮೇಲೆ ಹಿಡಿದ ಸ್ಯಾಂಪಲ್ಲಿನ ವರದಿ ಬಂತು. ಕ್ಯಾಲ್ಸಿಯಂ ಎಂದೂ ಇಲ್ಲದಷ್ಟು ಹೆಚ್ಚಾಗಿತ್ತು. ಆ ಬೆಟ್ಟದಲ್ಲಿ ಸುಣ್ಣಕಲ್ಲು ಇಲ್ಲ. ಹಾಗಾದರೆ ಈ ಕ್ಯಾಲ್ಸಿಯಂ ಎಲ್ಲಿಂದ ಬಂತು? ನಮಗೆ ಗೊತ್ತಿಲ್ಲದ ಒಂದು ಸುಣ್ಣಕಲ್ಲಿನ ಪದರ ಒಳಗೆಲ್ಲೋ ಇದೆಯೇ? ಅಲ್ಲಿಂದ ಹೊಸ ನೀರು ಬಂದು ಹುಳಿಯನ್ನು ಮುರಿಯುತ್ತಿದೆಯೇ? ಹಾಗಿದ್ದರೆ ಒಳ್ಳೆಯದೇ. ಖಚಿತ ಮಾಡಿಕೊಳ್ಳಲು ಒಂದೇ ದಾರಿ. ಸಂಪಿನ ನೀರಲ್ಲ, ಸುರಂಗದ ತುತ್ತತುದಿಯಲ್ಲಿ ಛಾವಣಿಯಿಂದ ತೊಟ್ಟಿಕ್ಕುವ ನೀರು ಬೇಕು.

ಜಿಯಾಲಜಿಸ್ಟ್‌ಗೆ ಫೋನ್ ಮಾಡಿದೆ.

"ಸಂಪು ಈಗ ಹೇಗಿದೆ ಮಾರಾಯ?"

"ಸೂಪರ್ ಮೇಡಂ. ಕೆಂಪು ಬಣ್ಣ ಎಲ್ಲಾ ಹೋಯ್ತು. ತಿಳಿಯಾಗಿದೆ, ತಳ ಕಾಣುತ್ತೆ."

"ಒಂದು ಕೆಲಸ ಮಾಡು. ಬಲಗಡೆ ಸುರಂಗದ ತುದಿಗೆ ಹೋಗಿ ಡೈರೆಕ್ಟಾಗಿ ಛಾವಣಿ ನೀರು ಹಿಡಿ. ಅಲ್ಲೇ ಪಿಎಚ್ ನೋಡಿ ನನಗೆ ಹೇಳು."

"ಈಗ್ಲೇನಾ? ಊಟ ಆದ್ಮೇಲೆ ಹೋದ್ರೆ ಆಗಲ್ವಾ?"

"ಸಂಜೆ ಒಳಗೆ ಸೈನ್ ಮಾಡ್ಬೇಕು. ಈಗ್ಲೇ ಹೋಗು."

"ಓಕೆ ಮೇಡಂ, ಹೋಗ್ತೀನಿ. ತುದೀಲಿ ಫೋನ್ ಇಲ್ಲ, ವಾಪಸ್ ಪಂಪ್ ಹತ್ರ ಬಂದು ಮಾತಾಡ್ತೀನಿ."

ಹೀಗೆ ಅವನನ್ನು ಕಳಿಸಿದೆ. ಸ್ಯಾಂಪಲ್ ತರಿಸುವುದು ನಮ್ಮ ನಿತ್ಯದ ಕೆಲಸ, ಅದರಲ್ಲಿ ಯೋಚನೆ ಮಾಡುವಂಥದ್ದೇನೂ ನನಗೆ ಕಾಣಲಿಲ್ಲ. ಕಳಿಸಿ ಊಟಕ್ಕೆ ಕೆಳಗೆ ಇಳಿದೆ.

ಜಿಯಾಲಜಿಸ್ಟ್‌ನ ಹೆಂಡತಿ ನಮ್ಮ ಎದುರಿನ ಕಟ್ಟಡದಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಾಳೆ. ಸೆಂಗ್‌ಕಾಂಗ್‌ನಲ್ಲಿ ನನ್ನ ಮನೆಯಿಂದ ಎರಡು ಬ್ಲಾಕ್ ಆಚೆ ಅವರ ಮನೆ. ಅವನು ಗಣಿಯಲ್ಲಿದ್ದಾಗ ನಾವಿಬ್ಬರೂ ಫುಡ್ ಕೋರ್ಟ್‌ನಲ್ಲಿ ಒಟ್ಟಿಗೆ ಊಟ ಮಾಡುವುದು ರೂಢಿಯಾಗಿತ್ತು. ಗಂಡ ಹೆಂಡತಿ ಇಬ್ಬರೂ ಕುಂದಾಪುರದ ಕಡೆಯವರು. ನಾನು ತುಮಕೂರಿನವಳು. ಅವರ ಮೀನಿನ ಮಾತು ನನಗೆ ಅರ್ಥವಾಗದು, ನಮ್ಮ ಮುದ್ದೆಯ ಮಾತು ಅವರಿಗೆ ರುಚಿಸದು. ಹಾಗಾಗಿ ಸಾಮಾನ್ಯವಾಗಿ ಗಂಡಂದಿರನ್ನು ಆಡಿಕೊಳ್ಳುತ್ತಿದ್ದೆವು.

ಅವತ್ತೂ ಅದೇ ನಡೆದಿತ್ತು. ಆಕೆ ತೋಫು, ತರಕಾರಿ ತುಂಬಿದ ಯಾಂಗ್ ತೌ ಫು ತಟ್ಟೆಯಲ್ಲಿ ಬೆಂಡೆಕಾಯಿ ಹುಡುಕುತ್ತ ನಗುತ್ತಿದ್ದಳು.

"ನಮ್ಮನೆಯವ್ರು ಈಗ ಅಲ್ಲಿ ಹೀರೋ ಅಂತೆ ಅಕ್ಕ. ಪಂಪಿನವ್ರೆಲ್ಲ ಬಾಸ್ ಬಾಸ್ ಅಂತ ಹಿಂದೆ ಬರ್ತಾರಂತೆ."

"ಏನು ಮಾಡಿದ್ನಂತೆ ಅಂಥದ್ದು?"

"ಹುಳಿ ನೀರಿಗೆ ಪಂಪಿನ ಒಳಗಿನ ಚಕ್ರ ಎಲ್ಲಾ ತಿಂದು ಹೋಗ್ತಿತ್ತಂತೆ. ಪಂಪಿನವ್ರಿಗೆ ದಿನಾ ಬೈಗುಳ. ಇವ್ರು ಹೇಳಿದ್ರಂತೆ, ಕಾಲುವೆಗೆ ಸುಣ್ಣ ಹಾಕ್ರೋ ಅಂತ. ನಮ್ಮೂರಲ್ಲಿ ಬಾವಿಗೆ ಹಾಕ್ತೀವಲ್ಲ ಅಕ್ಕ, ಮಳೆಗಾಲ ಮುಗಿದ್ಮೇಲೆ. ನೀರು ಕೆಂಪಾಗಿ ಕಿಲುಬಿನ ವಾಸ್ನೆ ಬಂದ್ರೆ ಸುಣ್ಣ ಹಾಕಿದ್ರೆ ತಿಳಿಯಾಗುತ್ತೆ. ನಮ್ಮತ್ತೆ ಚಿಪ್ಪಿನ ಸುಣ್ಣಾನೇ ಆಗ್ಬೇಕು ಅಂತಾರೆ. ಅಲ್ಲಿ ಮೂಟೆಗಟ್ಟಲೆ ಸುರಿದ್ರಂತೆ. ನೀರು ಹೇಗೆ ತಿಳಿಯಾಯ್ತು ಅಂತ ಫೋಟೋ ಕಳಿಸಿದ್ದಾರೆ, ನೋಡಿ."

ಚಮಚ ಕೆಳಗಿಟ್ಟೆ. ಫೋನಿನ ಪರದೆಯಲ್ಲಿ ನಮ್ಮ ಸಂಪು. ಪಕ್ಕದ ಕಾಲುವೆಯ ಅಂಚಿಗೆ ಬಿಳಿ ಪುಡಿ. ಸುಣ್ಣ ಬಿದ್ದಿದ್ದು ಸೆನ್ಸರ್‌ಗಿಂತ ಮೇಲೆ, ನೀರು ಸೆನ್ಸರ್ ತಲುಪುವ ಮುಂಚೆ. ಮೊದಲು ಸೆನ್ಸರ್ ಇದ್ದದ್ದು ಬೇರೆ ಕಡೆ, ಕೆಸರು ಮುಚ್ಚಿಕೊಳ್ಳುತ್ತಿದೆ ಎಂದು ಸಂಪಿಗೆ ತಂದು ಇಳಿಸಿದ್ದೆವು. ಅವನಿಗೆ ಅದು ಹೊಳೆದಿಲ್ಲ. ಪಂಪು ಉಳಿಯಲಿ, ಪಂಪಿನವರ ಮರ್ಯಾದೆ ಉಳಿಯಲಿ ಎಂದು ಊರಿನ ಬಾವಿಯ ಬುದ್ಧಿ ಓಡಿಸಿದ್ದಾನೆ. ಇಂಥದ್ದನ್ನು ನನಗೆ ವರದಿ ಮಾಡಬೇಕು ಎಂದೂ ಅನಿಸಿಲ್ಲ, ಯಾಕೆಂದರೆ ಬಾವಿಗೆ ಸುಣ್ಣ ಹಾಕಿದ್ದನ್ನು ಯಾರೂ ಯಾರಿಗೂ ವರದಿ ಮಾಡುವುದಿಲ್ಲ.

ಸುಣ್ಣಕಲ್ಲಿನ ಪದರವೂ ಇಲ್ಲ, ಮಣ್ಣೂ ಇಲ್ಲ. ಹುಳಿ ಹೋಗಿಲ್ಲ, ಮುಚ್ಚಿಹೋಗಿದೆ. ಅಷ್ಟು ಸುಣ್ಣ ತಿಂದೂ ನೀರು ಬರೀ ಹಸಿರಿನ ಅಂಚಿಗೆ ಬಂದು ನಿಂತಿದೆ ಎಂದರೆ ಸುಣ್ಣವಿಲ್ಲದಿದ್ದರೆ ಎಲ್ಲಿಗೆ ಇಳಿದಿರುತ್ತಿತ್ತು? ಕೆಂಪಿಗಿಂತ ಎಷ್ಟೋ ಕೆಳಗೆ. ಹಾಗಾದರೆ ಒಳಹರಿವು ಕಡಿಮೆಯಾದದ್ದು? ಹಳೆಯ ನೀರು ಬರುತ್ತಿದ್ದ ಸಂದಿಗೆ ಕಲ್ಲಿದ್ದಲಿನ ಹುಡಿ ಸಿಕ್ಕಿಕೊಂಡಿದೆ. ಬಚ್ಚಲಿನ ತೂತು ಕಟ್ಟಿದ ಹಾಗೆ. ಹೊರಗೆ ಬರಲಾರದ ನೀರು ಹಿಂದೆ ಏರುತ್ತಿದೆ. ಬೆಟ್ಟದ ಬೋರ್‌ವೆಲ್ಲಿನ ಗೆರೆ ಅದನ್ನೇ ಹೇಳುತ್ತಿತ್ತು. ಒಂದೊಂದನ್ನೇ ನೋಡಿದರೆ ಎಲ್ಲಕ್ಕೂ ಸಮಜಾಯಿಷಿ ಇತ್ತು. ಒಟ್ಟಿಗೆ ಇಟ್ಟರೆ ಒಂದೇ ಅರ್ಥ. ಆ ಸುರಂಗದ ತುದಿಯ ಗೋಡೆಯ ಹಿಂದೆ ನೀರು ಒತ್ತಿಕೊಂಡು ನಿಂತಿದೆ.

ಆ ಗೋಡೆಯ ಮುಂದೆ ಬಾಟಲಿ ಹಿಡಿದು ನಿಲ್ಲಲು ಈಗಷ್ಟೇ ಈಕೆಯ ಗಂಡನನ್ನು ಕಳಿಸಿ ಬಂದಿದ್ದೇನೆ.

"ಏನಾಯ್ತು ಅಕ್ಕ? ಯಾಕೆ ಹೀಗೆ ಬೆವರ್ತಿದೀರಾ?"

"ಏನಿಲ್ಲ. ಒಂದು ಮೀಟಿಂಗ್ ಮರೆತುಬಿಟ್ಟಿದ್ದೆ" ಎಂದು ಎದ್ದೆ. ತಟ್ಟೆ ಹಾಗೇ ಬಿಟ್ಟೆ. ಎಸ್ಕಲೇಟರ್ ಹತ್ತುವಾಗ ತಿರುಗಿ ನೋಡಿದರೆ ಆಕೆ ನನ್ನನ್ನೇ ನೋಡುತ್ತಿದ್ದಳು.

ಮೇಲೆ ಬಂದು ಮೊದಲು ಗಣಿಯ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಪಂಪಿನ ಹತ್ತಿರದ ಫೋನಿಗೆ ಮಾಡಿದೆ. ಯಾರೋ ಎತ್ತಿ, ಜಿಯಾಲಜಿಸ್ಟ್ ಬಾಸ್ ಒಳಗೆ ಹೋದರು ಎಂದರು. ಒಳಗೆ ಎಂದರೆ ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ನಮ್ಮ ಬಾಸ್‌ನ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಪರದೆ ನೋಡಿದರು. ಎಲ್ಲ ಹಸಿರು. ಸುಣ್ಣದ ವಿಷಯ ಕೇಳಿ ಹಣೆ ಉಜ್ಜಿಕೊಂಡರು. ಆದರೂ ಅವರ ಮಾತು ಹೀಗಿತ್ತು: ಸೆನ್ಸರ್ ಒಂದೂ ಮಿತಿ ಮೀರಿಲ್ಲ. ಮೀರದೆ ಕೆಂಪು ಹಾಕಿದರೆ ನಾಳೆ ಅವರು ನಮ್ಮನ್ನು ನಂಬುವುದಿಲ್ಲ. ಊಟದ ಮೇಜಿನ ಮೇಲೆ ಕೇಳಿದ ಮಾತು, ಒಂದು ಫೋಟೋ, ಇಷ್ಟರ ಮೇಲೆ ಇಡೀ ಗಣಿ ಖಾಲಿ ಮಾಡಿಸುವುದೇ? ಸುಣ್ಣ ನಿಲ್ಲಿಸಿ, ಸಂಜೆವರೆಗೆ ಪಿಎಚ್ ಎಲ್ಲಿಗೆ ಇಳಿಯುತ್ತದೆ ನೋಡೋಣ. ಆಗ ಕೆಂಪು ತಾನಾಗಿಯೇ ಹತ್ತುತ್ತದೆ.

ಲೆಕ್ಕಕ್ಕೆ ಅವರ ಮಾತು ಸರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನೂ ಬೇರೆ ದಿನವಾಗಿದ್ದರೆ ಹಾಗೇ ಮಾಡುತ್ತಿದ್ದೆ ಏನೋ. ಆದರೆ ಸಂಜೆಯವರೆಗೆ ಆ ಗೋಡೆ ಕಾಯುತ್ತದೆ ಎಂದು ಯಾರು ಹೇಳಿದರು? ನನಗೆ ಕಣ್ಣಮುಂದೆ ಕಂಡದ್ದು ತಲೆಯ ಮೇಲೆ ದೀಪ ಕಟ್ಟಿಕೊಂಡು, ಕತ್ತೆತ್ತಿ, ಒಂದೊಂದೇ ತೊಟ್ಟು ಹಿಡಿಯುತ್ತಿರುವ ಅವನು. ನನ್ನ ಪರದೆಯಲ್ಲಿ ದೀಪಗಳನ್ನು ಕೈಯಿಂದಲೂ ಬದಲಿಸಬಹುದು. ಕಾರಣ ಬರೆಯಲು ಒಂದು ಜಾಗವಿರುತ್ತದೆ. ಎಂದೂ ಬಳಸಿರಲಿಲ್ಲ. ಕುರ್ಚಿಯಲ್ಲಿ ಕೂತೆ. "ಸೆನ್ಸರ್ ನಂಬುವಂತಿಲ್ಲ, ಹಳೆಯ ನೀರು ಹತ್ತಿರವಿದೆ" ಎಂದು ಇಂಗ್ಲಿಷಿನಲ್ಲಿ ಬರೆದು ಕೆಂಪು ಒತ್ತಿದೆ. ಬಾಸ್ ಬಾಗಿಲಲ್ಲಿ ನಿಂತಿದ್ದರು. ತಡೆಯಲಿಲ್ಲ. ಕೆಲಸ ಹೋದರೆ ವರ್ಕ್ ಪಾಸ್ ಹೋಗುತ್ತದೆ, ಮನೆ ಖಾಲಿ ಮಾಡಬೇಕಾಗುತ್ತದೆ ಎಂಬ ಯೋಚನೆ ಆಗ ಬಂದೇ ಇಲ್ಲ ಎಂದರೆ ಸುಳ್ಳು. ಬಂತು, ಹೋಯಿತು.

ಗಣಿಯ ಕಂಟ್ರೋಲ್ ರೂಮಿನವನು ಲೈನಿಗೆ ಬಂದ. ಹರುಕು ಇಂಗ್ಲಿಷಿನಲ್ಲಿ ನಿಜವೇ ಎಂದು ಒಂದೇ ಸಲ ಕೇಳಿದ. ನಿಜ ಎಂದೆ. ಆಮೇಲೆ ಅವನು ಫೋನ್ ಕೆಳಗಿಡದೆ ಅಲ್ಲಿಂದಲೇ "ಸೆಮುವಾ ಕೆಲುವಾರ್, ಸೆಮುವಾ ಕೆಲುವಾರ್" ಎಂದು ಒಂದೊಂದು ಕಡೆಗೂ ಕೂಗುವುದು ಕೇಳುತ್ತಿತ್ತು. ಎಲ್ಲರೂ ಹೊರಗೆ ಎಂಬಷ್ಟು ಮಲಯ್ ಭಾಷೆ ಸಿಂಗಾಪುರದಲ್ಲಿ ಇಷ್ಟು ವರ್ಷ ಇದ್ದವರಿಗೆ ಗೊತ್ತಿರುತ್ತದೆ. ಕಲ್ಲಿದ್ದಲು ಸಾಗಿಸುವ ಬೆಲ್ಟ್ ನಿಲ್ಲಿಸಿದರು. ಬೆಲ್ಟ್‌ನ ಸದ್ದು ನಿಂತರೆ ಒಳಗಿದ್ದವರಿಗೆ ತಾನಾಗಿಯೇ ತಿಳಿಯುತ್ತದೆ, ಎಲ್ಲರೂ ಹೊರಡುತ್ತಾರೆ.

ಬಲಭಾಗದ ಸುರಂಗದಲ್ಲಿ ಬೆಲ್ಟ್ ಮೊದಲೇ ನಿಂತಿತ್ತು. ಅಗೆತ ನಿಂತಿದ್ದರಿಂದ ಅಲ್ಲಿ ಜನವಿರಲಿಲ್ಲ, ತುದಿಯಲ್ಲಿ ಫೋನೂ ಇರಲಿಲ್ಲ. ನಿಲ್ಲಬೇಕಾದ ಸದ್ದೇ ಇಲ್ಲದ ಕಡೆ ನಿಂತಿರುವವನಿಗೆ ಹೇಳುವವರು ಯಾರು? ಅವನನ್ನು ಹೊರಗೆ ತರಬೇಕಾದರೆ ಇನ್ನೊಬ್ಬ ಒಳಗೆ ಹೋಗಬೇಕು. ಕಂಟ್ರೋಲ್ ರೂಮಿನವನಿಗೆ ಇದನ್ನು ಹೇಳಿದೆ. ಅತ್ತ ಯಾರನ್ನೋ ಕೇಳಿ, ಶಿಫ್ಟ್ ಇನ್‌ಚಾರ್ಜ್ ತಾನೇ ಹೋಗುತ್ತಾನಂತೆ ಎಂದ. ಆ ಇನ್‌ಚಾರ್ಜ್‌ನ ಮುಖವನ್ನೂ ನಾನು ಕಂಡಿಲ್ಲ. ಈಗ ನನ್ನ ಲೆಕ್ಕಕ್ಕೆ ಇಬ್ಬರು.

ಅಷ್ಟರಲ್ಲಿ ಪರದೆಯ ಗೆರೆಗಳು ಒಂದೊಂದಾಗಿ ನಿಂತುಹೋದವು. ನೀರು ನುಗ್ಗಿ ಸೆನ್ಸರ್ ಕೊಚ್ಚಿಹೋಯಿತು ಎಂದೇ ಅಂದುಕೊಂಡೆ. ಬಾಯಿಂದ ಏನೋ ಸದ್ದು ಬಂದಿರಬೇಕು, ಬಾಸ್ ಓಡಿ ಬಂದು ನನ್ನ ಕುರ್ಚಿ ಹಿಡಿದುಕೊಂಡರು. ಆಮೇಲೆ ಅವರೇ ನೆನಪಿಸಿದರು. ಕೆಂಪು ಎಂದರೆ ಆ ಭಾಗದ ಕರೆಂಟ್ ಕಡಿಯುತ್ತಾರೆ, ಪಂಪಿಗೆ ಬೇರೆ ಲೈನ್ ಇದೆ, ನಮ್ಮ ಸೆನ್ಸರ್‌ಗಿಲ್ಲ. ನಾನೇ ಕೆಂಪು ಒತ್ತಿ ನನ್ನ ಕಣ್ಣನ್ನೇ ಕಟ್ಟಿಕೊಂಡಿದ್ದೆ. ಹಸಿರು ಹುಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲು, ಕಿಟಕಿಯಾಚೆ ಜನ ಕಾಫಿ ಹಿಡಿದು ಎಂಆರ್‌ಟಿ ರೈಲು ನಿಲ್ದಾಣದ ಕಡೆ ನಡೆಯುತ್ತಿದ್ದರು. ನಾನು ಸತ್ತ ಗೆರೆಗಳನ್ನು ನೋಡುತ್ತ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಜಿಯಾಲಜಿಸ್ಟ್‌ನ ಹೆಂಡತಿಯ ಮೆಸೇಜು ಎರಡು ಸಲ ಬಂತು. ಓದಲಿಲ್ಲ. ಓದಿದರೆ ಉತ್ತರ ಕೊಡಬೇಕಾಗುತ್ತದೆ.

ತಲೆಗೆ ಕಟ್ಟುವ ದೀಪ ಕೊಡುವ ಲ್ಯಾಂಪ್ ರೂಮಿನಲ್ಲಿ ಪ್ರತಿಯೊಬ್ಬನ ಹೆಸರಿನ ಬಿಲ್ಲೆ ಇರುತ್ತದೆ. ಒಳಗೆ ಹೋಗುವಾಗ ತೆಗೆದುಕೊಂಡು ಹೋಗಬೇಕು, ಬಂದಾಗ ಮೊಳೆಗೆ ತೂಗುಹಾಕಬೇಕು. ಕಂಟ್ರೋಲ್ ರೂಮಿನವನು ಆಗಾಗ ಹೇಳುತ್ತಿದ್ದ, ಇಷ್ಟು ಬಂತು, ಇಷ್ಟು ಬಂತು. ಕೊನೆಗೆ ಎರಡು ಮೊಳೆ ಖಾಲಿ ಉಳಿದವು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

ಆಮೇಲೆ ಫೋನಿನಲ್ಲಿ ಗದ್ದಲ, ಯಾರೋ ಕೆಮ್ಮುವ ಸದ್ದು.

"ಮೇಡಂ, ನಾನು."

"ಎಲ್ಲಿದೀಯಾ?"

"ಹೊರಗಿದೀನಿ ಮೇಡಂ. ಇನ್‌ಚಾರ್ಜ್ ಕೂಡ ಬಂದ್ರು. ಏನಾಯ್ತು? ಆ ಮನುಷ್ಯ ಕಾಲರ್ ಹಿಡ್ಕೊಂಡು ಎಳ್ಕೊಂಡು ಬಂದ."

ಅತ್ತುಬಿಟ್ಟೆ. ಆಫೀಸಿನಲ್ಲಿ ಎಲ್ಲರ ಎದುರು, ನಾಚಿಕೆಯಿಲ್ಲದೆ. ಆಮೇಲೆ ಅವನು ಹೇಳಿದ. ಛಾವಣಿಯಲ್ಲಿ ತೊಟ್ಟೇ ಇರಲಿಲ್ಲವಂತೆ. ಆದರೆ ತುದಿಯ ಕಲ್ಲಿದ್ದಲಿನ ಗೋಡೆ ಇಡೀ ಬೆವರಿತ್ತು. ಕೈಯಿಟ್ಟರೆ ಬೇರೆ ಕಡೆಗಿಂತ ತಣ್ಣಗಿತ್ತು. ಕೊಳೆತ ಮೊಟ್ಟೆಯ ವಾಸನೆ. ಒಳಗಿನಿಂದ ಸುಯ್ಯೆಂಬ ಸಣ್ಣ ಸದ್ದು. ಗಾಳಿ ಹಾಯಿಸುವ ಕೊಳವೆ ಎಲ್ಲೋ ಸೋರುತ್ತಿದೆ ಎಂದುಕೊಂಡು ಹುಡುಕುತ್ತಾ ನಿಂತಿದ್ದನಂತೆ.

"ನೀನು ಓದಿಲ್ವಾ? ಇವೆಲ್ಲ ಯಾವುದರ ಗುರುತು ಅಂತ ಗೊತ್ತಿಲ್ವಾ?"

"ಓದಿದೀನಿ ಮೇಡಂ. ಆದ್ರೆ ಸಂಪಿನ ನೀರು ಅಷ್ಟು ಚೆನ್ನಾಗಿತ್ತಲ್ಲ, ಅದಿರಲಾರದು ಅಂದ್ಕೊಂಡೆ."

ತಾನೇ ಹಾಕಿದ ಸುಣ್ಣ ತನ್ನನ್ನೇ ನಂಬಿಸಿತ್ತು. ಅದನ್ನು ಅವನಿಗೂ ಹೇಳಿದೆ.

ಅವತ್ತು ನೀರು ಬರಲಿಲ್ಲ. ಮರುದಿನವೂ ಬರಲಿಲ್ಲ. ಗಣಿಯ ಮ್ಯಾನೇಜರ್ ಬರೆದ ಇಮೇಲ್‌ನಲ್ಲಿ ನಾನು ಯಾರ ಬಾಯಲ್ಲೂ ಕೇಳದ ಇಂಗ್ಲಿಷ್ ಪದಗಳಿದ್ದವು. ಹಸಿರು ದೀಪಕ್ಕೆ ಹೆದರಿ ಗಣಿ ಮುಚ್ಚಿಸಿದ ಹೆಂಗಸು ಎಂದು ಆಫೀಸಿನಲ್ಲಿ ಗುಸುಗುಸು. ನನಗೇ ನನ್ನ ಮೇಲೆ ಅನುಮಾನ ಶುರುವಾಯಿತು. ಬೆವರು ಬರೀ ತೇವವಾಗಿದ್ದರೆ? ಸದ್ದು ನಿಜಕ್ಕೂ ಗಾಳಿಯ ಕೊಳವೆಯದಾಗಿದ್ದರೆ? ಒಂದು ಗಳಿಗೆ ಆ ನೀರು ಬಂದೇಬಿಡಲಿ, ನಾನು ಸುಳ್ಳುಗಾತಿಯಲ್ಲ ಎಂದು ಗೊತ್ತಾಗಲಿ ಎಂದು ಬಯಸಿದೆ. ಬಯಸಿದ್ದು ಏನನ್ನು ಎಂದು ತಿಳಿದದ್ದು ಆಮೇಲೆ.

ಪಟ್ಟು ಬಿಡದೆ ಒಂದೇ ಮಾತು ಹೇಳಿದೆ. ಯಾರೂ ತುದಿಗೆ ಹೋಗಬೇಡಿ, ತುದಿಯಿಂದ ಬಹಳ ದೂರದಲ್ಲೇ ಕಾಂಕ್ರೀಟ್ ತಡೆ ಕಟ್ಟಿ, ಅದರಲ್ಲಿ ವಾಲ್ವ್ ಇರುವ ಪೈಪ್ ಹುಗಿದು, ಆ ಪೈಪಿನೊಳಗಿಂದ ಉದ್ದನೆಯ ತೂತು ಕೊರೆದು ನೋಡಿ. ನಮ್ಮ ಬಾಸ್ ನನ್ನ ಪಕ್ಕ ನಿಂತರು, ಅದನ್ನು ಮರೆಯುವಂತಿಲ್ಲ. ಮ್ಯಾನೇಜರ್ ಗೊಣಗುತ್ತಲೇ ಒಪ್ಪಿದರು. ಕೊರೆಯುವ ದಿನ ಜಿಯಾಲಜಿಸ್ಟ್ ಯಂತ್ರದ ಪಕ್ಕದಲ್ಲಿದ್ದ. ಡ್ರಿಲ್ ಸುರಂಗದ ತುದಿಯ ಗೋಡೆ ದಾಟಿ ಹೆಚ್ಚು ಹೋಗಲಿಲ್ಲ. ಸರಳು ಒಳಗೆ ಇಳಿಯುವುದು ಬಿಟ್ಟು ತಾನಾಗಿಯೇ ಹಿಂದಕ್ಕೆ ಬರತೊಡಗಿತು. ಹಿಂದೆಯೇ ಕಪ್ಪು ನೀರು ಚಿಮ್ಮಿತು, ವಾಲ್ವ್ ಮುಚ್ಚಿದರು, ಒತ್ತಡ ಅಳೆಯುವ ಮುಳ್ಳು ಕೊನೆಗೆ ಹೋಗಿ ನಿಂತಿತು.

ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು, ಅವನು ಮತ್ತು ಆ ನೀರಿನ ನಡುವೆ ಉಳಿದಿದ್ದ ಕಲ್ಲಿದ್ದಲಿನ ಗೋಡೆ ನಮ್ಮ ಮೀಟಿಂಗ್ ರೂಮಿನ ಮೇಜಿನ ಅಗಲದಷ್ಟು ದಪ್ಪವೂ ಇರಲಿಲ್ಲ. ಮ್ಯಾನೇಜರ್ ಫೋನ್ ಮಾಡಿ ಕ್ಷಮೆ ಕೇಳಿದರು. ವಾಲ್ವಿನಿಂದ ಸ್ವಲ್ಪಸ್ವಲ್ಪವೇ ನೀರು ಬಿಟ್ಟು ಆ ಹಳೆಯ ಪೊಳ್ಳನ್ನು ಖಾಲಿ ಮಾಡುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಸೆನ್ಸರ್ ಈಗ ಸಂಪಿನಲ್ಲಿಲ್ಲ, ಕಾಲುವೆಯ ತಲೆಯಲ್ಲಿದೆ. ಕೆಸರು ಕಟ್ಟಿದರೆ ದಿನಾ ತೊಳೆಯುತ್ತಾರೆ. ಪಂಪಿಗೆ ಬೇಕಾದ ಸುಣ್ಣ ಅದರಿಂದ ಕೆಳಗೆ ಬೀಳುತ್ತದೆ.

ಜಿಯಾಲಜಿಸ್ಟ್ ರಜೆಗೆ ಬಂದ ವಾರ ಒಂದು ಭಾನುವಾರ ಬೆಳಿಗ್ಗೆ ಅವನ ಹೆಂಡತಿ ಒಬ್ಬಳೇ ನಮ್ಮ ಮನೆಗೆ ಬಂದಳು. ಕೂತಳು. ಕಾಫಿ ಬೇಡ ಎಂದಳು.

"ಎಲ್ರೂ ನಿಮ್ಮಿಂದಾನೇ ಅವ್ರು ಉಳಿದ್ರು ಅಂತಾರೆ ಅಕ್ಕ."

ನಾನೂ ಎದುರಿಗೆ ಕೂತೆ.

"ಒಳಗೆ ಕಳಿಸಿದ್ದೂ ನೀವೇ ಅಂತೆ."

"ಹೌದು."

"ಅವತ್ತು ನಾವು ಊಟ ಮಾಡ್ತಾ ಕೂತಿದ್ವಲ್ಲ, ಆವಾಗ ಅವ್ರು ಅಲ್ಲೇ ಇದ್ರಾ?"

"ಹೌದು."

"ಏನಾಯ್ತು ಅಂತ ಕೇಳ್ದೆ. ಏನಿಲ್ಲ ಅಂದ್ರಿ. ಮೆಸೇಜ್ ಹಾಕ್ದೆ, ನೋಡ್ಲಿಲ್ಲ. ನಾನು ಆಫೀಸಿಗೆ ಹೋಗಿ ಇನ್‌ವಾಯ್ಸ್ ಎಂಟ್ರಿ ಮಾಡ್ತಾ ಕೂತಿದ್ದೆ ಅಕ್ಕ."

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಆಕೆ ಬೈಯಲಿಲ್ಲ.

"ಅವ್ರನ್ನ ಕಳಿಸ್ಬೇಡಿ ಅಂತ ಹೇಳೋಕೆ ಬಂದಿಲ್ಲ. ಅದು ಅವ್ರ ಕೆಲ್ಸ, ಇವ್ರಲ್ಲದಿದ್ರೆ ಇನ್ಯಾರದೋ ಮನೆಯವ್ರು ಹೋಗ್ಬೇಕು. ಆದ್ರೆ ಇನ್ನೊಂದ್ಸಲ ತುದಿಗೆ ಕಳಿಸೋದಾದ್ರೆ ನಂಗೊಂದು ಫೋನ್ ಮಾಡಿ. ಆಮೇಲಲ್ಲ, ಮುಂಚೆ."

ಆಗಲಿ ಎಂದೆ. ಇದು ಯಾವ ನಿಯಮದಲ್ಲೂ ಇಲ್ಲ, ಬಾಸ್‌ಗೂ ಹೇಳಿಲ್ಲ. ಅಂದಿನಿಂದ ತುದಿಯ ಸ್ಯಾಂಪಲ್ ಬೇಕಾದಾಗಲೆಲ್ಲ ಮೊದಲು ಆಕೆಗೆ ಫೋನ್ ಮಾಡುತ್ತೇನೆ. ಆಕೆ ಪಿಎಚ್ ಕೇಳುವುದಿಲ್ಲ, ಒಳಹರಿವು ಕೇಳುವುದಿಲ್ಲ. ಪ್ರತಿ ಸಲವೂ ಒಂದೇ ಪ್ರಶ್ನೆ.

"ನೀವಾಗಿದ್ರೆ ಹೋಗ್ತಿದ್ರಾ ಅಕ್ಕ?"

ಹೋಗುತ್ತಿದ್ದೆ ಎನ್ನುತ್ತೇನೆ. ಅನ್ನುವ ಮುಂಚೆ ಎಲ್ಲ ಗೆರೆಗಳನ್ನೂ ಇನ್ನೊಮ್ಮೆ ನೋಡುತ್ತೇನೆ, ನನ್ನ ಕಾಲನ್ನೇ ಆ ಗೋಡೆಯ ಮುಂದೆ ಇಟ್ಟು ನೋಡುತ್ತೇನೆ. ಕಳೆದ ತಿಂಗಳು ಹಾಗೇ ನೋಡಿದೆ. ದೀಪಗಳೆಲ್ಲ ಹಸಿರು, ಒಂದೂ ಕೊರತೆಯಿರಲಿಲ್ಲ. ಆಕೆ ಕೇಳಿದಳು. ಹೋಗುತ್ತಿದ್ದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಆಕೆಯೂ ಎರಡನೆಯ ಸಲ ಕೇಳಲಿಲ್ಲ. ಫೋನ್ ಇಟ್ಟು ಗಣಿಗೆ ಮಾಡಿದೆ. ಅವತ್ತು ಸ್ಯಾಂಪಲ್ ಇದೆಯೆಂದು ಮೊದಲೇ ಹೆಲ್ಮೆಟ್ ಹಾಕಿಕೊಂಡು ಕಾಯುತ್ತಿದ್ದ ಜಿಯಾಲಜಿಸ್ಟ್ ಎತ್ತಿದ. ಇವತ್ತು ಸ್ಯಾಂಪಲ್ ಬೇಡ, ಮೇಲೇ ಇರು ಎಂದೆ. ಯಾಕೆ ಮೇಡಂ ಎಂದ. ಕಾರಣ ಗೊತ್ತಿಲ್ಲ, ಹೆದರಿಕೆಯಾಗುತ್ತಿದೆ ಎಂದೆ. ಅವನು ಹೆಲ್ಮೆಟ್ ತೆಗೆದಿಟ್ಟ ಸದ್ದು ಫೋನಿನಲ್ಲಿ ಕೇಳಿಸಿತು.